ಹಾರುವ ಯಂತ್ರಕ್ಕೆ ಕಾನೂನು, ಬೀಳುವ ಹನಿಗೆ ಯಾರು ಹೊಣೆ?

ಬೆಳೆಗೆ ಬೇಕಾದ ಔಷಧಿ, ಗೊಬ್ಬರ, ಬೀಜಗಳನ್ನು ಮೇಲಿನಿಂದ ಹೊಲಕ್ಕೆ ಇಳಿಸುವ ಕೆಲಸವೇ ಕೃಷಿ ವಿಮಾನಯಾನ. ನೂರು ವರ್ಷಗಳ ಹಿಂದೆ ಸೈನ್ಯದ ವಿಮಾನದಿಂದ ಶುರುವಾದದ್ದು ಈಗ ಇಬ್ಬರು ಎತ್ತಿ ಬದುವಿನ ಮೇಲೆ ಇಡಬಹುದಾದ ಡ್ರೋನ್‌ಗೆ ಬಂದು ನಿಂತಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಸೀಮೆಯಲ್ಲಿ, ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯ ಸುತ್ತಮುತ್ತಲ ಭತ್ತ, ಹತ್ತಿ, ತೊಗರಿ, ಮೆಣಸಿನಕಾಯಿ ಹೊಲಗಳಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆಸಲು ಡ್ರೋನ್ ಕರೆಸುವುದು ಇಂದು ಸೋಜಿಗದ ಸಂಗತಿಯಲ್ಲ.

ಈ ಬದಲಾವಣೆಯ ಬಗ್ಗೆ ಒಂದು ಅಭಿಪ್ರಾಯ ಎಲ್ಲೆಡೆ ನೆಲೆಯೂರಿದೆ. ಕೃಷಿ ಮೇಳದ ವೇದಿಕೆಯಲ್ಲಿ, ಸರ್ಕಾರದ ಜಾಹೀರಾತಿನಲ್ಲಿ, ಪತ್ರಿಕೆಗಳ ಯಶೋಗಾಥೆಗಳಲ್ಲಿ ಅದೇ ಮಾತು ಮರಳಿ ಮರಳಿ ಕೇಳಿಬರುತ್ತದೆ. ವಿಮಾನ, ಹೆಲಿಕಾಪ್ಟರ್‌ಗಳ ಕಾಲದ ಅಪಾಯವನ್ನು ಹೊಸ ತಂತ್ರಜ್ಞಾನ ತಾನಾಗಿಯೇ ನೀಗಿಸಿತು, ಅಡ್ಡಗಾಲು ಹಾಕಿದ್ದ ಕಾನೂನು 2021ರಲ್ಲಿ ಸಡಿಲವಾಯಿತು, ರೈತನಿಗೆ ಆಕಾಶ ತೆರೆದುಕೊಂಡಿತು ಎನ್ನುವುದು ಅದರ ಸಾರ. ಈ ಅಭಿಪ್ರಾಯ ತಪ್ಪು. ತಂತ್ರಜ್ಞಾನ ನೀಗಿಸಿದ್ದು ಬೆನ್ನಿಗೆ ಪಂಪು ಕಟ್ಟಿಕೊಂಡವನ ಅಪಾಯವನ್ನು ಮಾತ್ರ. ಕಾನೂನಿನ ವಿಷಯದಲ್ಲಿ ಆಗಿರುವುದು ಬರೀ ಸಡಿಲಿಕೆಯೂ ಅಲ್ಲ, ಅದರ ದೃಷ್ಟಿಯೇ ಬೇರೆ ಕಡೆ ತಿರುಗಿದೆ. ಮೊದಲು ಅದು ನೆಲಕ್ಕೆ ಬೀಳುವ ವಿಷವನ್ನು ನೋಡುತ್ತಿತ್ತು, ಈಗ ಮೇಲೆ ಹಾರುವ ಯಂತ್ರವನ್ನು ನೋಡುತ್ತದೆ. ಎಣ್ಣೆ ಹೊಡೆಸದ, ಆದರೂ ಎಣ್ಣೆ ಮೈಮೇಲೆ ಬೀಳಿಸಿಕೊಳ್ಳುವ ಪಕ್ಕದ ಹೊಲದವರನ್ನು ಮಾತ್ರ ಯಾವ ಕಾಲದಲ್ಲೂ ಯಾರೂ ಸರಿಯಾಗಿ ನೋಡಲಿಲ್ಲ.

1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಊರಿನ ಬಳಿ ಜಾನ್ ಮ್ಯಾಕ್ರೆಡಿ ಎಂಬ ಸೇನಾ ಪೈಲಟ್ ಕಟಾಲ್ಪಾ ಮರಗಳ ತೋಪಿನ ಮೇಲೆ ಸೀಸದ ಆರ್ಸೆನೇಟ್ ಪುಡಿಯನ್ನು ಉದುರಿಸಿದ. ಕೃಷಿ ವಿಮಾನಯಾನದ ಹುಟ್ಟು ಎಂದು ಇದನ್ನೇ ಗುರುತಿಸುತ್ತಾರೆ. ಮುಂದೆ ಅಲ್ಲಿ ಸಾವಿರಾರು ಎಕರೆಗಳ ಒಂದೇ ಬೆಳೆ, ಒಬ್ಬನೇ ಒಡೆಯ ಎಂಬ ವ್ಯವಸ್ಥೆಗೆ ವಿಮಾನ ಚೆನ್ನಾಗಿ ಹೊಂದಿಕೊಂಡಿತು. ಭಾರತದಲ್ಲಿ ಈ ಕೆಲಸ 1950ರ ದಶಕದ ಆರಂಭದಲ್ಲಿ ಮಿಡತೆ ಹಾವಳಿಯ ನಿಯಂತ್ರಣದಿಂದ ಮೊದಲಾಯಿತು. ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಬೆಂಗಳೂರಿನ ಎಚ್‌ಎಎಲ್ ಬೇಸಾಯಕ್ಕೆಂದೇ ‘ಬಸಂತ್’ ಎಂಬ ವಿಮಾನವನ್ನು ವಿನ್ಯಾಸಗೊಳಿಸಿತು. ಅದರ ಸುಧಾರಿತ ಮಾದರಿ 1972ರ ಮಾರ್ಚ್ 30ರಂದು ಮೊದಲ ಬಾರಿ ಹಾರಿತು. 1980ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಹೊರಬಂದಿದ್ದ ವಿಮಾನಗಳು ನಲವತ್ತನ್ನೂ ಮುಟ್ಟಿರಲಿಲ್ಲ. ಎರಡು ಎಕರೆ, ಮೂರು ಎಕರೆ ಹಿಡುವಳಿಗಳ ದೇಶದಲ್ಲಿ ವಿಮಾನ ಒಂದು ಬೆಳೆಯ ಮೇಲೆ ತಿರುಗಿ ಮತ್ತೆ ಅದೇ ಬೆಳೆಯ ಮೇಲೆ ಬರುವಷ್ಟರಲ್ಲಿ ಹತ್ತಾರು ರೈತರ ಹೊಲ ದಾಟಿರುತ್ತಿತ್ತು. ಹಾಗಾಗಿ ವೈಮಾನಿಕ ಸಿಂಪಡಣೆ ಇಲ್ಲಿ ಉಳಿದದ್ದು ದೊಡ್ಡ ತೋಟಗಳಲ್ಲಿ. ಕೇರಳದ ರಬ್ಬರ್, ಕಾಸರಗೋಡಿನ ಗೇರು, ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿ ಹೆಲಿಕಾಪ್ಟರ್ ಆ ಕೆಲಸ ಮಾಡಿತು.

ಆ ಕಾಲದಲ್ಲಿ ಕಾನೂನು ಇರಲಿಲ್ಲ ಎಂದು ಭಾವಿಸುವವರಿದ್ದಾರೆ. ಇತ್ತು, ಚೆನ್ನಾಗಿಯೇ ಇತ್ತು. 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲಿ ಬಂದ 1971ರ ನಿಯಮಗಳಲ್ಲಿ 43ನೇ ನಿಯಮ ಇಡಿಯಾಗಿ ವೈಮಾನಿಕ ಸಿಂಪಡಣೆಗೇ ಮೀಸಲು. ಸಿಂಪಡಣೆಯ ಪ್ರದೇಶವನ್ನು ಗುರುತು ಮಾಡುವುದು ನಡೆಸುವವರ ಹೊಣೆ. ಒಪ್ಪಿಗೆ ಪಡೆದ ಔಷಧಿಯನ್ನೇ, ಒಪ್ಪಿಗೆ ಪಡೆದ ಸಾಂದ್ರತೆಯಲ್ಲೇ, ಒಪ್ಪಿಗೆ ಪಡೆದ ಎತ್ತರದಿಂದಲೇ ಹಾಕಬೇಕು. ಮೈ ತೊಳೆಯುವ, ಪ್ರಥಮ ಚಿಕಿತ್ಸೆಯ ಸೌಲಭ್ಯ ಇರಬೇಕು. ಕನಿಷ್ಠ 24 ಗಂಟೆ ಮೊದಲು ಅಧಿಕಾರಿಗಳ ಮೂಲಕ ಜನರಿಗೆ ತಿಳಿಸಬೇಕು. ಕೆಲಸಕ್ಕೆ ಸಂಬಂಧಪಡದ ಜನ, ದನಕರು ಗೊತ್ತಾದ ಅವಧಿಯವರೆಗೆ ಅಲ್ಲಿ ಕಾಲಿಡದಂತೆ ತಡೆಯಬೇಕು. ಪೈಲಟ್‌ಗೆ ಹಾರಾಟದ ತರಬೇತಿ ಸಾಲದು, ಕೀಟನಾಶಕ ದೇಹಕ್ಕೆ ಏನು ಮಾಡುತ್ತದೆ ಎಂಬುದೂ ಗೊತ್ತಿರಬೇಕು. ಈ ನಿಯಮದ ಒಂದೊಂದು ಸಾಲೂ ನೆಲದ ಮೇಲಿರುವವರನ್ನು ನೋಡಿ ಬರೆದದ್ದು. ಭಾರತದ ಕೃಷಿ ವಿಮಾನಯಾನ ಕಂಡ ಕಾನೂನುಗಳಲ್ಲಿ ಮನುಷ್ಯರ ಬಗ್ಗೆ ಇಷ್ಟು ಕಾಳಜಿ ಇರುವ ಇನ್ನೊಂದು ಪಠ್ಯವಿಲ್ಲ.

ಅದೇ ನಿಯಮ ಜಾರಿಯಲ್ಲಿದ್ದಾಗಲೇ ಕಾಸರಗೋಡಿನ ದುರಂತ ನಡೆಯಿತು. ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಟೀ ಸೊಳ್ಳೆಯ ಬಾಧೆಗೆಂದು ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಲಾಯಿತು. ತೋಟಗಳು ಗುಡ್ಡದ ನೆತ್ತಿಯಲ್ಲಿ, ಮನೆ ಬಾವಿ ತೋಡುಗಳು ಅದರ ಮಗ್ಗುಲಲ್ಲಿ. ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ, ವಾಣಿನಗರದಂಥ ಕನ್ನಡ ತುಳು ಮಾತಾಡುವ ಊರುಗಳಲ್ಲಿ ಬುದ್ಧಿಮಾಂದ್ಯತೆ, ಅಂಗವೈಕಲ್ಯ, ನರಸಂಬಂಧಿ ಕಾಯಿಲೆಗಳು ಗುಂಪುಗುಂಪಾಗಿ ಕಾಣಿಸಿಕೊಂಡಾಗ ಅದನ್ನು ಮೊದಲು ಗುರುತಿಸಿದವರು ವಿಮಾನಯಾನದ ಅಧಿಕಾರಿಗಳೂ ಅಲ್ಲ, ಕೀಟನಾಶಕ ಮಂಡಳಿಯೂ ಅಲ್ಲ. ಪತ್ರಕರ್ತ ಶ್ರೀಪಡ್ರೆ ಬರೆದರು. ಅಲ್ಲಿಯೇ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ರೋಗಿಗಳ ಲೆಕ್ಕ ಇಟ್ಟರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು.

ಗಡಿಯ ಈಚೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳದ್ದೂ ಅದೇ ಕತೆ. ಅಲ್ಲಿ ಸಿಂಪಡಿಸಿದ್ದು ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ರಾಜ್ಯ ಸರ್ಕಾರ ಎಂಡೋಸಲ್ಫಾನ್ ನಿಷೇಧಿಸಿದ್ದು 2011ರಲ್ಲಿ, ಅಂದರೆ ಹೆಲಿಕಾಪ್ಟರ್ ಹಾರಾಟ ನಿಂತು ಸುಮಾರು ಹತ್ತು ವರ್ಷಗಳಾದ ಮೇಲೆ.

ಈ ಎರಡೂ ಕಡೆ ಯಂತ್ರ ಕೆಟ್ಟಿರಲಿಲ್ಲ. ಹೆಲಿಕಾಪ್ಟರ್ ಬೀಳಲಿಲ್ಲ, ಪೈಲಟ್‌ಗೆ ಏನೂ ಆಗಲಿಲ್ಲ. ವಿಮಾನಯಾನದ ಲೆಕ್ಕದಲ್ಲಿ ಆ ಹಾರಾಟಗಳೆಲ್ಲ ಸುರಕ್ಷಿತ ಹಾರಾಟಗಳೇ. ಬಾವಿಗಳ ಬಾಯಿ ಮುಚ್ಚಿಸುವುದು, ತೋಡಿನ ನೀರು ಬಳಸಬೇಡಿ ಎಂದು ಹೇಳುವುದು, ಊರಿಗೆ ಸರಿಯಾಗಿ ಮೊದಲೇ ತಿಳಿಸುವುದು ಇವು ಆಗದೇ ಹೋದದ್ದೇ ಅಲ್ಲಿನ ಜನರ ಮುಖ್ಯ ದೂರು. 43ನೇ ನಿಯಮ ಪುಸ್ತಕದಲ್ಲಿತ್ತು, ಅದನ್ನು ಜಾರಿ ಮಾಡುವ ಕೈ ಊರಿನಲ್ಲಿರಲಿಲ್ಲ. ಡ್ರೋನ್‌ನ ಕತೆಯನ್ನು ಇಲ್ಲಿಂದ ಓದಬೇಕು. ಆದರೆ ಡ್ರೋನ್ ಪರವಾಗಿ ಮಾತಾಡುವವರು ತಮ್ಮ ಕತೆಯನ್ನು 2021ರಿಂದ ಶುರು ಮಾಡುತ್ತಾರೆ.

ಡ್ರೋನ್ ಕಾನೂನಿನ ಕಾಲಾನುಕ್ರಮ ಹೀಗಿದೆ. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಡ್ರೋನ್‌ಗಳ ನಾಗರಿಕ ಬಳಕೆಯನ್ನು ತಡೆಹಿಡಿಯಿತು. 2018ರ ಡಿಸೆಂಬರ್‌ನಲ್ಲಿ ಮೊದಲ ನಿಯಮಾವಳಿ ಜಾರಿಗೆ ಬಂತು. ಅದು ಕೃಷಿಗೆ ಡ್ರೋನ್ ಬಳಸಲು ಬಿಟ್ಟರೂ ಕೀಟನಾಶಕ ಸಿಂಪಡಣೆಗೆ ಪ್ರತ್ಯೇಕ ಅನುಮತಿ ಸಿಗುವವರೆಗೆ ಒಪ್ಪಲಿಲ್ಲ. 2020ರ ಮಿಡತೆ ಹಾವಳಿಯಲ್ಲಿ ರಾಜಸ್ಥಾನದ ಕಡೆ ಡ್ರೋನ್‌ಗಳನ್ನು ಸಿಂಪಡಣೆಗೆ ಇಳಿಸಲಾಯಿತು, ದಾರಿ ತೆರೆಯಿತು. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ತುಂಬಬೇಕಾದ ನಮೂನೆಗಳನ್ನು 25ರಿಂದ 5ಕ್ಕೆ, ಶುಲ್ಕದ ಬಗೆಗಳನ್ನು 72ರಿಂದ 4ಕ್ಕೆ ಇಳಿಸಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಯ ಕಾರ್ಯವಿಧಾನ ಹೊರಡಿಸಿತು. 2022ರ ಜನವರಿಯಲ್ಲಿ ಸಹಾಯಧನ ಬಂತು: ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರಗಳಿಗೆ 10 ಲಕ್ಷ ರೂಪಾಯಿವರೆಗೆ ಪೂರ್ತಿ ವೆಚ್ಚ, ರೈತ ಉತ್ಪಾದಕ ಸಂಸ್ಥೆಗಳಿಗೆ ನೂರಕ್ಕೆ 75. 2023ರ ನವೆಂಬರ್‌ನಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ, 1,261 ಕೋಟಿ ರೂಪಾಯಿಗಳ ‘ನಮೋ ಡ್ರೋನ್ ದೀದಿ’ ಯೋಜನೆಗೆ ಸಂಪುಟ ಒಪ್ಪಿತು.

2014ರ ತಡೆ ವಿವೇಕದ್ದಾಗಿರಲಿಲ್ಲ ಎಂಬುದು ನಿಜ. ಮದುವೆಯ ಫೋಟೊ ತೆಗೆಯುವ ಡ್ರೋನನ್ನೂ ವಿಷ ಸುರಿಯುವ ಡ್ರೋನನ್ನೂ ಅದು ಒಂದೇ ಎಂದು ಕಂಡಿತ್ತು. ಅದು ಹೋದದ್ದು ಒಳ್ಳೆಯದೇ. ಆದರೆ 2021ರ ನಿಯಮಗಳೂ ಆ ದೃಷ್ಟಿದೋಷವನ್ನು ತಿದ್ದಿಕೊಳ್ಳಲಿಲ್ಲ. ಅವು ಡ್ರೋನನ್ನು ತೂಕದಿಂದ ಅಳೆಯುತ್ತವೆ. 2 ಕಿಲೊದಿಂದ 25 ಕಿಲೊವರೆಗೆ ಸಣ್ಣದು, ಅದರ ಮೇಲೆ 150 ಕಿಲೊವರೆಗೆ ಮಧ್ಯಮ. ಹತ್ತು ಲೀಟರ್ ಟ್ಯಾಂಕಿನ ಸಾಮಾನ್ಯ ಸಿಂಪಡಣೆ ಡ್ರೋನ್ ‘ಸಣ್ಣ’ ವರ್ಗಕ್ಕೆ ಸೇರುತ್ತದೆ. ಆ ಟ್ಯಾಂಕಿನಲ್ಲಿ ಬೇವಿನೆಣ್ಣೆ ಇದೆಯೋ ನರಗಳಿಗೆ ತಗಲುವ ರಂಜಕಯುಕ್ತ ಕೀಟನಾಶಕ ಇದೆಯೋ ಎಂಬುದರಿಂದ ವರ್ಗ ಬದಲಾಗುವುದಿಲ್ಲ. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಲಾಗಿದೆ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಲು ಯಾರ ಅನುಮತಿಯೂ ಬೇಡ. ಈ ಬಣ್ಣಗಳನ್ನು ತೀರ್ಮಾನಿಸುವುದು ವಿಮಾನ ನಿಲ್ದಾಣ, ಸೇನಾ ನೆಲೆಗಳಂಥ ಸ್ಥಳಗಳಿಂದ ಇರುವ ದೂರ. ಕಲಬುರಗಿಯ ವಿಮಾನ ನಿಲ್ದಾಣದಿಂದ ದೂರವಿರುವ ಸುರಪುರ ಸೀಮೆಯಲ್ಲಿ ಹೊಲದ ಪಕ್ಕ ಶಾಲೆ ಇದೆಯೇ, ಕಾಲುವೆ ಇದೆಯೇ, ಹತ್ತಿ ಬಿಡಿಸುವ ಹೆಣ್ಣುಮಕ್ಕಳಿದ್ದಾರೆಯೇ ಎಂಬುದು ಆ ನಕ್ಷೆಗೆ ಗೊತ್ತಾಗುವುದಿಲ್ಲ. ವಿಮಾನಕ್ಕೆ ಅಡ್ಡ ಬರದಿದ್ದರೆ ಆಯಿತು.

ಯಂತ್ರಕ್ಕೂ ವಿಷಕ್ಕೂ ಕಾನೂನು ಇಟ್ಟ ಅಳತೆ ಎಷ್ಟು ಬೇರೆ ಎಂಬುದು 2022ರಲ್ಲಿ ಸ್ಪಷ್ಟವಾಗಿ ಕಾಣಿಸಿತು. ಡ್ರೋನ್ ಮಾರುಕಟ್ಟೆಗೆ ಬರಬೇಕಾದರೆ ಮಾದರಿ ಪ್ರಮಾಣಪತ್ರ ಬೇಕು, ಪರೀಕ್ಷೆ ಆಗಬೇಕು, ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ಬೇಕು. ಮೊದಲು ಪರೀಕ್ಷೆ, ಆಮೇಲೆ ಬಳಕೆ. ವಿಷದ ವಿಷಯದಲ್ಲಿ ಕ್ರಮ ತಿರುವುಮುರುವಾಯಿತು. ಕೈಪಂಪಿನ ಸಿಂಪಡಣೆಗೆ ನೋಂದಣಿಯಾಗಿದ್ದ 477 ಕೀಟನಾಶಕಗಳಿಗೆ 2022ರ ಏಪ್ರಿಲ್‌ನಲ್ಲಿ ಡ್ರೋನ್ ಬಳಕೆಗೆ ಎರಡು ವರ್ಷಗಳ ಮಧ್ಯಂತರ ಒಪ್ಪಿಗೆ ಕೊಡಲಾಯಿತು. ಮುಂದುವರಿಸಬೇಕೆನ್ನುವ ಕಂಪನಿಗಳು ಆ ಅವಧಿಯಲ್ಲಿ ದತ್ತಾಂಶ ಒದಗಿಸಬೇಕು ಎಂದು ಹೇಳಲಾಯಿತು. ಹಾರುವ ರೆಕ್ಕೆಗೆ ಪುರಾವೆ ಮುಂಚೆ ಬೇಕು, ಉದುರುವ ವಿಷಕ್ಕೆ ಪುರಾವೆ ಆಮೇಲೆ ಬಂದರೂ ನಡೆಯುತ್ತದೆ ಎಂಬ ಈ ನಿರ್ಧಾರವನ್ನು ಸುಧಾರಣೆ ಎಂದು ಕರೆಯಲಾಗದು.

ಇದರ ಗಂಭೀರತೆ ತಿಳಿಯಬೇಕಾದರೆ ಡ್ರೋನ್‌ನಿಂದ ಹೊರಡುವ ಹನಿಯನ್ನು ಹತ್ತಿರದಿಂದ ನೋಡಬೇಕು. ಬೆನ್ನಿನ ಪಂಪಿನಲ್ಲಿ ಎಕರೆಗೆ 150ರಿಂದ 200 ಲೀಟರ್ ನೀರು ಹೋಗುತ್ತದೆ. ಡ್ರೋನ್‌ಗೆ ಅಷ್ಟು ಹೊರುವ ಶಕ್ತಿ ಇಲ್ಲ, ಅದು ಎಕರೆಗೆ ಸುಮಾರು 10 ಲೀಟರಿನಲ್ಲಿ ಮುಗಿಸುತ್ತದೆ. ಔಷಧಿಯ ಪ್ರಮಾಣ ಮಾತ್ರ ಹೆಚ್ಚೂಕಡಿಮೆ ಅಷ್ಟೇ. ಎಂದರೆ ಪ್ರತಿ ಹನಿಯಲ್ಲಿ ವಿಷ 15ರಿಂದ 20 ಪಟ್ಟು ಗಟ್ಟಿಯಾಗಿರುತ್ತದೆ. ಇಷ್ಟು ಕಡಿಮೆ ದ್ರವದಲ್ಲಿ ಇಡೀ ಎಕರೆ ಮುಚ್ಚಬೇಕಾದರೆ ಹನಿ ಸಣ್ಣದಾಗಲೇಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲದ ಹನಿ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 26 ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತದೆ. ಮೂರು ಮೀಟರ್ ಎತ್ತರದಿಂದ ನೆಲ ಮುಟ್ಟಲು ಅದಕ್ಕೆ ಹನ್ನೊಂದು ಹನ್ನೆರಡು ಸೆಕೆಂಡು ಬೇಕು. ಎಲೆ ಸರಸರ ಎನ್ನುವಷ್ಟು ಗಾಳಿ, ಸೆಕೆಂಡಿಗೆ ಮೂರು ಮೀಟರ್, ಬೀಸುತ್ತಿದ್ದರೆ ಆ ಹನಿ ಇಳಿಯುವಷ್ಟರಲ್ಲಿ ಸುಮಾರು 35 ಮೀಟರ್ ಆಚೆ ಹೋಗಿರುತ್ತದೆ. ಅದರ ಅರ್ಧ ಅಗಲದ ಹನಿ ನೂರು ಮೀಟರ್ ದಾಟುತ್ತದೆ. ಅದರ ಮೂರು ಪಟ್ಟು ಅಗಲದ ಹನಿಯಾದರೆ ಎಂಟು ಹತ್ತು ಮೀಟರಿನೊಳಗೇ ಬೀಳುತ್ತದೆ. ರೆಕ್ಕೆಗಳ ಗಾಳಿ ಹನಿಗಳನ್ನು ಕೆಳಕ್ಕೆ ಒತ್ತುತ್ತದೆ ಎಂಬ ಉತ್ತರ ಸಿದ್ಧವಿದೆ. ಒತ್ತುವುದು ನಿಜ, ಡ್ರೋನ್‌ನ ನೇರ ಕೆಳಗೆ. ಅಂಚಿನಲ್ಲಿ ಅದೇ ಗಾಳಿ ಸುಳಿಯಾಗಿ ಮೇಲೇಳುತ್ತದೆ, ಸಣ್ಣ ಹನಿಗಳನ್ನು ಜೊತೆಗೆ ಎತ್ತುತ್ತದೆ. ಯಾದಗಿರಿಯ ಒಣ ಬಿಸಿಲಿನಲ್ಲಿ ಹನಿಯ ನೀರು ದಾರಿಯಲ್ಲೇ ಆರಿ, ಹನಿ ಇನ್ನೂ ಚಿಕ್ಕದಾಗಿ, ಇನ್ನೂ ದೂರ ಹೋಗುತ್ತದೆ.

ಈಗ ಈ 35 ಮೀಟರನ್ನು ಹೊಲದ ಮೇಲೆ ಇಟ್ಟು ನೋಡಬೇಕು. ಚೌಕಾಕಾರದ ಒಂದು ಎಕರೆಯ ಅಗಲ ಸುಮಾರು 64 ಮೀಟರ್. ಹನಿ ಅರ್ಧ ಹೊಲದಷ್ಟು ದೂರ ಸರಿಯಬಲ್ಲದು ಎಂದ ಮೇಲೆ, ಆ ಹೊತ್ತಿನಲ್ಲಿ ಗಾಳಿಯ ಕೆಳದಿಕ್ಕಿನ ಅರ್ಧ ಹೊಲಕ್ಕೆ ಹೊಡೆದ ಸಣ್ಣ ಹನಿಗಳೆಲ್ಲ ಪಕ್ಕದವರ ಹೊಲದವೇ. ಹೆಲಿಕಾಪ್ಟರಿಗಿಂತ ಡ್ರೋನ್ ಕೆಳಗೆ ಹಾರುತ್ತದೆ, ಆದ್ದರಿಂದ ಸುರಕ್ಷಿತ ಎನ್ನುವವರು ಬದುವಿನ ಲೆಕ್ಕವನ್ನೇ ಹಾಕುವುದಿಲ್ಲ. ಒಂದೇ ಒಡೆತನದ ಸಾವಿರ ಎಕರೆ ಚೌಕದ ಸುತ್ತಳತೆ ಸುಮಾರು 8 ಕಿಲೊಮೀಟರ್. ಅದೇ ಸಾವಿರ ಎಕರೆ ಒಂದೊಂದು ಎಕರೆಯಾಗಿ ಸಾವಿರ ಜನರ ಕೈಯಲ್ಲಿದ್ದರೆ ಸುತ್ತಳತೆಗಳ ಮೊತ್ತ 250 ಕಿಲೊಮೀಟರ್ ದಾಟುತ್ತದೆ. ವಿಷ ಗಡಿ ದಾಟುವ ಜಾಗ ಮೂವತ್ತು ಪಟ್ಟು ಹೆಚ್ಚಾಯಿತು. ಬಸಂತ್ ವಿಮಾನ ಈ ದೇಶದ ಸಣ್ಣ ಹೊಲಕ್ಕೆ ಹೊಂದದೆ ಹೋಯಿತು, ಡ್ರೋನ್ ಹೊಂದಿತು. ಹೊಂದಿದ್ದರಿಂದಲೇ ವೈಮಾನಿಕ ಸಿಂಪಡಣೆ ಗೇರು ತೋಟದ ಗುಡ್ಡ ಬಿಟ್ಟು ಜನ ಕೆಲಸ ಮಾಡುವ ಬಯಲಿಗೆ ಇಳಿಯಿತು. ಕೆಳಗೆ ಹಾರಿದ ಲಾಭವನ್ನು ಈ ಹತ್ತಿರದ ವಾಸ ಬಹುಪಾಲು ನುಂಗಿಹಾಕುತ್ತದೆ.

ಆ ಬಯಲಿನಲ್ಲಿ ಯಾರಿದ್ದಾರೆ? ಸುರಪುರ ಸೀಮೆಯ ಎರೆ ಹೊಲಗಳಲ್ಲಿ ಒಂದು ಬದುವಿನ ಈಚೆ ಭತ್ತ, ಆಚೆ ಮೆಣಸಿನಕಾಯಿ, ಅದರಾಚೆ ಹತ್ತಿ ಇರುವುದು ಸಾಮಾನ್ಯ. ಭತ್ತಕ್ಕೆ ಎಣ್ಣೆ ಹೊಡೆಯುವ ಹೊತ್ತಿಗೆ ಮೆಣಸಿನಕಾಯಿ ಹೊಲದಲ್ಲಿ ಕೂಲಿಯ ಹೆಣ್ಣುಮಕ್ಕಳು ಬಗ್ಗಿ ಕಳೆ ತೆಗೆಯುತ್ತಿರುತ್ತಾರೆ, ಮರದ ನೆರಳಿನಲ್ಲಿ ಜೋಳಿಗೆಯಲ್ಲಿ ಕೂಸು ಮಲಗಿರುತ್ತದೆ. ಕಾಲುವೆಯ ನೀರಿನಲ್ಲಿ ಬಟ್ಟೆ ಒಗೆಯುತ್ತಾರೆ, ದನಗಳ ಮೈ ತೊಳೆಯುತ್ತಾರೆ. ತೊಗರಿ ಹೂವಾದಾಗ ಜೇನು ಬರುತ್ತದೆ. ಬೋನಾಳ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಕಳಿತ ಹಣ್ಣುಕಾಯಿ, ಸೊಪ್ಪನ್ನು ನಾಳೆಯೇ ಸಂತೆಗೆ ಒಯ್ಯುವ ರೈತನ ಹೊಲದ ಮೇಲೆ ಪಕ್ಕದವನ ಎಣ್ಣೆ ಬಿದ್ದರೆ ಔಷಧಿ ಹೊಡೆದು ಇಷ್ಟು ದಿನ ಕೊಯ್ಯಬಾರದು ಎಂಬ ಸೂಚನೆಗೆ ಏನರ್ಥ? ಹೊಡೆದವನಿಗೆ ದಿನ ಗೊತ್ತು, ಬೀಳಿಸಿಕೊಂಡವನಿಗೆ ಔಷಧಿಯ ಹೆಸರೂ ಗೊತ್ತಿಲ್ಲ.

ಇನ್ನೊಬ್ಬರ ಬಗ್ಗೆಯೂ ಹೇಳಬೇಕು. ಡ್ರೋನ್ ನಡೆಸುವವನು ದೂರದಲ್ಲಿ ನಿಂತು ಗುಂಡಿ ಒತ್ತುತ್ತಾನೆ, ಅವನಿಗೆ ವಿಷದ ಸೋಂಕಿಲ್ಲ ಎಂಬ ಚಿತ್ರ ಅಪೂರ್ಣ. ಹತ್ತು ಲೀಟರ್ ಟ್ಯಾಂಕು ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಪ್ರತಿ ಬಾರಿ ಡ್ರೋನ್ ಬದುವಿಗೆ ಇಳಿದಾಗ ಒಬ್ಬ ಆಳು ಬಾಟಲಿ ಬಿಚ್ಚಿ, ಬಕೀಟಿನಲ್ಲಿ ಕಲಸಿ, ಟ್ಯಾಂಕು ತುಂಬಿ, ನೊಸಲ್ ಕಟ್ಟಿಕೊಂಡಿದ್ದರೆ ಬಿಚ್ಚಿ ತೊಳೆಯುತ್ತಾನೆ. ಪಂಪಿನಲ್ಲಿ ಹೊಡೆಯುವವನ ಕೈಗೆ ತಗಲುವ ದ್ರಾವಣಕ್ಕಿಂತ ಇದು ಹತ್ತಾರು ಪಟ್ಟು ಗಟ್ಟಿ. ಒಂದೇ ದಿನದಲ್ಲಿ ಅವನು ಹತ್ತು ಹದಿನೈದು ಎಕರೆಯ ಔಷಧಿಯನ್ನು ಕಲಸಬೇಕಾಗುತ್ತದೆ. ಅವನಿಗೆ ಪೈಲಟ್ ಪ್ರಮಾಣಪತ್ರ ಇಲ್ಲ, ಆದ್ದರಿಂದ ಕಾನೂನಿನ ತರಬೇತಿಯೂ ಇಲ್ಲ. ‘ಡ್ರೋನ್ ದೀದಿ’ ಯೋಜನೆಯ 15 ದಿನಗಳ ತರಬೇತಿಯಲ್ಲಿ 5 ದಿನ ಹಾರಾಟಕ್ಕೆ, 10 ದಿನ ಗೊಬ್ಬರ, ಕೀಟನಾಶಕದ ಬಳಕೆಗೆ ಎಂದು ಹಂಚಿರುವುದು ಸರಿಯಾದ ಅಳತೆ. ಈ ಅಳತೆ ಒಂದು ಯೋಜನೆಯ ಷರತ್ತಾಗಿ ಉಳಿಯದೆ, ಬಾಡಿಗೆಗೆ ಎಣ್ಣೆ ಹೊಡೆಯುವ ಪ್ರತಿಯೊಬ್ಬರಿಗೂ, ಕಲಸುವ ಆಳಿಗೂ ಅನ್ವಯಿಸಬೇಕಿತ್ತು.

ಡ್ರೋನ್ ಪರವಾದ ವಾದಗಳಲ್ಲಿ ಒಂದು ಮಾತ್ರ ಪೂರ್ಣವಾಗಿ ನಿಲ್ಲುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ವಿಷದ ಗಾಳಿ ಕುಡಿದು ಸತ್ತರು. ಆಳೆತ್ತರ ಬೆಳೆದ ಹತ್ತಿಯ ಸಾಲಿನಲ್ಲಿ ನುಗ್ಗುತ್ತಾ, ಮುಖದ ಮಟ್ಟದಲ್ಲಿ ಎಣ್ಣೆ ಹೊಡೆಯುವ ಕೆಲಸ ಯಾರಿಗೂ ಬೇಡ. ಅದನ್ನು ಯಂತ್ರ ಮಾಡುವುದಾದರೆ ಮಾಡಲಿ. ಭತ್ತದ ಕೆಸರು ಗದ್ದೆಯಲ್ಲಿಯೂ ಹಾಗೆಯೇ.

ನೀರಿನ ಉಳಿತಾಯದ ವಾದಕ್ಕೆ ಆ ಮರ್ಯಾದೆ ಕೊಡಬೇಕಾಗಿಲ್ಲ. ಎಕರೆಗೆ 190 ಲೀಟರ್ ನೀರು ಉಳಿಯಿತು ಎಂದು ಮೇಳಗಳಲ್ಲಿ ಫಲಕ ಹಾಕುತ್ತಾರೆ. ಕಾಲುವೆ ಕೆಳಗಿನ ಭತ್ತ ಒಂದು ಬೆಳೆಗೆ ಸುಮಾರು 1,200 ಮಿಲಿಮೀಟರ್ ನೀರು ಕುಡಿಯುತ್ತದೆ, ಎಕರೆಗೆ 48 ಲಕ್ಷ ಲೀಟರಿಗೂ ಹೆಚ್ಚು. ನಾಲ್ಕು ಸಲ ಎಣ್ಣೆ ಹೊಡೆದರೂ ಉಳಿಯುವುದು 760 ಲೀಟರ್. ಕೃಷ್ಣೆಯ ನೀರಿನ ಪ್ರಶ್ನೆ ಸಿಂಪಡಣೆಯ ನೊಸಲ್‌ನಲ್ಲಿಲ್ಲ. ಉಳಿಸಿದ ಆ ನೀರಿನ ಬೆಲೆ ತೆರುವುದು ಹನಿಯ ಗಟ್ಟಿತನದಲ್ಲಿ.

ಪರಿಣಾಮದ ವಾದವೂ ಬೆಳೆಯಿಂದ ಬೆಳೆಗೆ, ಕೀಟದಿಂದ ಕೀಟಕ್ಕೆ ಬೇರೆ. ಎಲೆಯ ಮೇಲ್ಭಾಗದ ಕೀಟ, ರೋಗಗಳಿಗೆ ಮೇಲಿನಿಂದ ಬೀಳುವ ಹನಿ ಚೆನ್ನಾಗಿ ಮುಟ್ಟುತ್ತದೆ. ಭತ್ತದ ಕಂದು ಜಿಗಿಹುಳು ಕೂರುವುದು ಬುಡದಲ್ಲಿ, ನೀರಿಗೆ ತಾಗಿದಂತೆ. ದಟ್ಟವಾಗಿ ಬೆಳೆದ ಭತ್ತದ ಮೇಲಿನಿಂದ ಹತ್ತು ಲೀಟರ್ ಹೊಡೆದರೆ ಅಲ್ಲಿಗೆ ಇಳಿಯುವುದು ಸ್ವಲ್ಪ. ಹತ್ತಿಯ ಗುಲಾಬಿ ಕಾಯಿಕೊರಕ ಕಾಯಿಯೊಳಗೆ ಸೇರಿಕೊಂಡ ಮೇಲೆ ಡ್ರೋನೂ ಒಂದೇ, ಪಂಪೂ ಒಂದೇ. ತೊಗರಿಯ ನೆಟೆ ರೋಗ ಮಣ್ಣಿನ ಶಿಲೀಂಧ್ರದ್ದು, ಅದಕ್ಕೆ ಮೇಲಿನಿಂದ ಏನು ಹೊಡೆದರೂ ದುಡ್ಡು ದಂಡ. ಈ ವ್ಯತ್ಯಾಸಗಳನ್ನು ಹೇಳಬಲ್ಲ ರಾಯಚೂರು ಕೃಷಿ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ, ಅದರ ಕಾಲೇಜು ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿದೆ, ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಆದರೂ ಹಳ್ಳಿಗಳಲ್ಲಿ ಯಾವ ಎಣ್ಣೆ, ಎಷ್ಟು ಎಂಬುದನ್ನು ಬಹುತೇಕ ಹೇಳುವುದು ಔಷಧಿ ಅಂಗಡಿ. ಎಕರೆಗೆ ಕೆಲವು ನೂರು ರೂಪಾಯಿಗೆ, ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುವಾಗ ಆಳು ಸಿಗದೆ ತಡವಾಗುತ್ತಿದ್ದ ಸಿಂಪಡಣೆಯೊಂದಿಗೆ ಬೇಡವಾದ ಸಿಂಪಡಣೆಯೂ ಸಲೀಸಾಗುತ್ತದೆ.

ಹೆಚ್ಚು ನಿಯಮ ಹಾಕಿದರೆ ಬಡ ರೈತನಿಗೆ ಹೊರೆ ಎಂಬುದು ಕೊನೆಯ ವಾದ, ಅತ್ಯಂತ ಜನಪ್ರಿಯವೂ ಹೌದು. ಇದು ಡ್ರೋನ್ ಎಂಬ ಯಂತ್ರವನ್ನೇ ಅರಿಯದವರ ಮಾತು. ಬೆನ್ನಿನ ಪಂಪು ತಾನು ಎಲ್ಲಿ ಹೋಯಿತು ಎಂದು ಹೇಳುವುದಿಲ್ಲ. ಡ್ರೋನ್ ಹೇಳುತ್ತದೆ. ಯಾವ ಹೊಲ, ಎಷ್ಟು ಹೊತ್ತಿಗೆ, ಎಷ್ಟು ಎತ್ತರ, ಯಾವ ವೇಗ ಎಂಬುದೆಲ್ಲ ಅದರ ಹಾರಾಟದ ದಾಖಲೆಯಲ್ಲಿ ಇರುತ್ತದೆ. ಹೆಲಿಕಾಪ್ಟರ್ ಎಷ್ಟು ಎತ್ತರದಲ್ಲಿ ಹಾರಿತ್ತು ಎಂದು ಕಾಸರಗೋಡಿನ ಜನ ವರ್ಷಗಟ್ಟಲೆ ವಾದಿಸಬೇಕಾಯಿತು, ಇಂದು ಆ ವಾದವೇ ಬೇಕಿಲ್ಲ. ಆ ದಾಖಲೆ ಗ್ರಾಮ ಪಂಚಾಯತಿಗೆ, ಪಕ್ಕದ ಹೊಲದವರಿಗೆ ಸಿಗುವಂತೆ ಮಾಡಲು ರೈತ ಒಂದು ಅರ್ಜಿಯನ್ನೂ ತುಂಬಬೇಕಾಗಿಲ್ಲ. 2018ರ ನಿಯಮಾವಳಿಯಲ್ಲಿ ಅನುಮತಿ ಇಲ್ಲದೆ ಡ್ರೋನ್ ಮೇಲೇಳದಂತೆ ತಡೆಯುವ ತಂತ್ರಾಂಶದ ಕಡ್ಡಾಯವಿತ್ತು, 2021ರ ನಿಯಮಗಳು ಅದನ್ನು ಮುಂದೆಂದೋ ಅಧಿಸೂಚನೆ ಹೊರಡಿಸಬಹುದಾದ ವಿಷಯವಾಗಿ ಪಕ್ಕಕ್ಕಿಟ್ಟವು. ಹೊಲದ ಗಡಿಯಿಂದ ಇಷ್ಟು ಮೀಟರ್ ಒಳಗೆ, ಗಾಳಿ ಇಷ್ಟಕ್ಕಿಂತ ಹೆಚ್ಚಿದ್ದಾಗ ನೊಸಲ್ ತಾನೇ ಮುಚ್ಚಿಕೊಳ್ಳುವಂತೆ ಮಾಡುವುದು ಇದೇ ತಂತ್ರಜ್ಞಾನಕ್ಕೆ ಸಾಧ್ಯ.

ಯುರೋಪಿನ ಒಕ್ಕೂಟ 2009ರ ನಿರ್ದೇಶನದಲ್ಲಿ ವೈಮಾನಿಕ ಸಿಂಪಡಣೆಯನ್ನು ಸಾಮಾನ್ಯವಾಗಿ ನಿಷೇಧಿಸಿ, ಬೇರೆ ದಾರಿ ಇಲ್ಲದಿದ್ದರೆ, ನೆರೆಯವರಿಗೆ ಮುನ್ಸೂಚನೆ ಕೊಟ್ಟು ಮಾಡಬಹುದು ಎಂದಿತು. ಯಾದಗಿರಿಗೆ ಆ ನಿಷೇಧವನ್ನು ತರಬೇಕಾಗಿಲ್ಲ. ಸ್ವಂತ 43ನೇ ನಿಯಮವನ್ನು ಹೊಲದ ಅಳತೆಗೆ ತಕ್ಕಂತೆ ತಿದ್ದಿ ಜಾರಿ ಮಾಡಿದರೆ ಸಾಕು. 24 ಗಂಟೆಯ ಮುನ್ಸೂಚನೆಗೆ ಈ ಸೀಮೆಯಲ್ಲಿ ಡಂಗುರ ಸಾರುವ ರೂಢಿ ಇದೆ, ಗುಡಿಯ ಮೈಕು ಇದೆ, ವಾಟ್ಸ್ಆ್ಯಪ್ ಗುಂಪುಗಳಿವೆ. ನಾಳೆ ಬೆಳಿಗ್ಗೆ ಇಂಥವರ ಸರ್ವೆ ನಂಬರಿಗೆ ಇಂಥ ಎಣ್ಣೆ ಹೊಡೆಯುತ್ತಾರೆ ಎಂದು ಹೇಳಲು ಖರ್ಚಿಲ್ಲ. ಕಾಲುವೆ, ಕೆರೆ, ಶಾಲೆ, ಮನೆಗಳಿಂದ ಬಿಡಬೇಕಾದ ಅಂತರವನ್ನು ಆಕಾಶದ ವಲಯಗಳ ಜೊತೆಗೇ ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಬಹುದು. ಔಷಧಿಯ ಡಬ್ಬಿಯ ಮೇಲೆ ಡ್ರೋನ್‌ಗೆ ಎಷ್ಟು ನೀರು, ಎಷ್ಟು ದಪ್ಪದ ಹನಿ ಎಂಬುದು ಕನ್ನಡದಲ್ಲಿ ಇರಬೇಕು, ಅದು ಇಲ್ಲದ ಔಷಧಿ ಡ್ರೋನ್ ಟ್ಯಾಂಕಿಗೆ ಹೋಗಬಾರದು.

ಉಳಿಯುವುದು ಪರಿಹಾರದ ಪ್ರಶ್ನೆ. 2021ರ ನಿಯಮಗಳು ಮೂರನೆಯವರಿಗೆ ಆಗುವ ಹಾನಿಗೆ ವಿಮೆಯನ್ನು ಕಡ್ಡಾಯ ಮಾಡಿವೆ. ಆದರೆ ಮೋಟಾರು ವಾಹನ ಕಾನೂನಿನ ಮಾದರಿಯ ಈ ವಿಮೆಯ ಕಣ್ಣು ಅಪಘಾತದ ಮೇಲಿದೆ. ಡ್ರೋನ್ ಮೈಮೇಲೆ ಬಿದ್ದರೆ ದಾರಿ ಇದೆ. ಡ್ರೋನ್ ಸರಿಯಾಗಿ ಹಾರಿ, ಸರಿಯಾಗಿ ಇಳಿದು, ಅದರ ಎಣ್ಣೆ ಪಕ್ಕದ ಹೊಲದ ಬೆಳೆ ಸುಟ್ಟರೆ, ಕಳೆ ತೆಗೆಯುವವಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರೆ, ಯಾವ ದಿನ ಯಾವ ಎಣ್ಣೆ ಎಂಬ ಪುರಾವೆಯನ್ನು ಅವಳೇ ತರಬೇಕು. 1968ರ ಕಾಯ್ದೆಯ ಜಾಗಕ್ಕೆ ಬರಬೇಕಿದ್ದ ಕೀಟನಾಶಕ ನಿರ್ವಹಣಾ ಮಸೂದೆ 2020ರ ಮಾರ್ಚ್‌ನಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು, ಐದು ವರ್ಷ ಕಳೆದರೂ ಕಾಯ್ದೆಯಾಗಲಿಲ್ಲ. ಅದೇ ಐದು ವರ್ಷಗಳಲ್ಲಿ ಡ್ರೋನ್ ನಿಯಮಗಳು ಬಂದವು, ತಿದ್ದುಪಡಿಯಾದವು, ಸಹಾಯಧನ ಬಂತು, ತೆರಿಗೆ ಇಳಿಯಿತು. ಪುರಾವೆಯ ಹೊಣೆಯನ್ನು ಎಣ್ಣೆ ಹೊಡೆಸಿದವರ ಮತ್ತು ಹೊಡೆದವರ ಮೇಲೆ ಹಾಕುವ, ಡ್ರೋನ್‌ನ ಹಾರಾಟದ ದಾಖಲೆಯನ್ನೇ ಸಾಕ್ಷಿಯಾಗಿ ಒಪ್ಪುವ ಒಂದು ತಿದ್ದುಪಡಿಗೆ ಹೊಸ ಯಂತ್ರವೂ ಬೇಡ, ಹೊಸ ಯೋಜನೆಯೂ ಬೇಡ. ಸುರಪುರ ತಾಲ್ಲೂಕಿನ ಪ್ರತಿ ಪಂಚಾಯತಿಯಲ್ಲಿ ದಿನಾಂಕ, ಸರ್ವೆ ನಂಬರು, ಔಷಧಿ, ಪ್ರಮಾಣ, ಗಾಳಿಯ ವೇಗ ಬರೆದಿಡುವ ಒಂದು ವಹಿ ಇದ್ದು, ಅದನ್ನು ಯಾರು ಬೇಕಾದರೂ ಕೇಳಿ ನೋಡುವಂತಿದ್ದರೆ ಈ ತಿದ್ದುಪಡಿಗೆ ಬೇಕಾದ ಆಧಾರ ಇಂದೇ ಸಿದ್ಧವಾಗುತ್ತದೆ.